ಬರೀ ತಾಮ್ರ ಅಂದುಕೊಂಡಿದ್ದೆ

ಹೆಡ್‌ಫೋನಿನ ಎಡಗಿವಿ ಕೈಕೊಟ್ಟು ಎರಡು ವಾರ ಆಗಿತ್ತು. ಪೂರ್ತಿ ಸತ್ತಿದ್ದರೆ ಒಂದು ಲೆಕ್ಕ. ಸತ್ತಿರಲಿಲ್ಲ, ಅದೇ ತೊಂದರೆ. ಪಿನ್ನಿನ ಹತ್ತಿರ ವೈರನ್ನು ಒಂದು ಕಡೆ ಬಗ್ಗಿಸಿ ಹೆಬ್ಬೆರಳಲ್ಲಿ ಒತ್ತಿ ಹಿಡಿದರೆ ಹಾಡು ಬರುತ್ತಿತ್ತು. ಬೆರಳು ಸ್ವಲ್ಪ ಸಡಿಲವಾದರೆ ಕರ್ ಅಂತ ಹೋಗುತ್ತಿತ್ತು. ರಬ್ಬರ್ ಬ್ಯಾಂಡ್ ಸುತ್ತಿದೆ. ಅದರ ಮೇಲೆ ಟೇಪ್ ಸುತ್ತಿದೆ. ಆಮೇಲೆ ಒಂದು ರೀಫಿಲ್ಲನ್ನು ಆಧಾರ ಕೊಟ್ಟು ಕಟ್ಟಿದೆ. ನೋಡಿದವರಿಗೆ ಕೈ ಮುರಿದವರಿಗೆ ಕಟ್ಟಿದ ಪಟ್ಟಿಯ ಹಾಗೆ ಕಾಣುತ್ತಿತ್ತು.

ಕೊನೆಗೆ ಒಂದು ರಾತ್ರಿ ತಾಳ್ಮೆ ಕೆಟ್ಟು ಪಿನ್ನನ್ನು ಕತ್ತರಿಸಿ ಹಾಕಿದೆ. ಹೊಸ ಪಿನ್ ಮೊದಲೇ ತಂದಿಟ್ಟುಕೊಂಡಿದ್ದೆ. ಸೋಲ್ಡರಿಂಗ್ ಐರನ್ ಹಿಡಿಯುವುದು ನನಗೆ ಹೊಸದಲ್ಲ. ಟಾರ್ಚ್, ರಿಮೋಟ್, ಚಾರ್ಜರ್ ವೈರು, ಒಂದೆರಡು ಆಟಿಕೆ, ಇವಕ್ಕೆಲ್ಲ ಬೆಸುಗೆ ಹಾಕಿ ಅಭ್ಯಾಸ ಇತ್ತು. ಇದೇನು ಮಹಾ, ಹತ್ತು ನಿಮಿಷದ ಕೆಲಸ ಅಂದುಕೊಂಡು ಕೂತೆ.

ಮೇಲಿನ ರಬ್ಬರ್ ಸಿಪ್ಪೆ ಬಿಡಿಸಿದಾಗ ಒಳಗೆ ಮೂರು ಜುಟ್ಟು ಇದ್ದವು. ಒಂದು ಕೆಂಪು, ಒಂದು ಹಸಿರು, ಒಂದು ತಾಮ್ರದ ಬಣ್ಣ. ಒಂದೊಂದರಲ್ಲೂ ಕೂದಲೆಳೆಯಷ್ಟು ಸಣ್ಣ ತಂತಿಗಳು, ನಡುವೆ ಬಿಳಿ ನೂಲು. ಐರನ್ ಕಾದಿತ್ತು. ಕೆಂಪು ಜುಟ್ಟನ್ನು ಹೊಸೆದು, ಸೋಲ್ಡರ್ ಕರಗಿಸಿ ಮುಟ್ಟಿಸಿದೆ. ಹಿಡಿಯಲಿಲ್ಲ. ಸೋಲ್ಡರ್ ಗುಂಡಗೆ ಮಣಿಯಾಗಿ ಜಾರಿ ಟೇಬಲ್ ಮೇಲೆ ಬಿತ್ತು. ತಾವರೆ ಎಲೆಯ ಮೇಲಿನ ನೀರು ಅಂತಾರಲ್ಲ, ಥೇಟ್ ಹಾಗೆ. ಇನ್ನೊಂದು ಸಲ ಮಾಡಿದೆ. ಮತ್ತೊಂದು ಸಲ. ಪ್ರತಿ ಸಲ ತುದಿ ಕೆಟ್ಟಿತು ಅಂತ ಕಾಲು ಇಂಚು ಕತ್ತರಿಸಿ ಮತ್ತೆ ಸಿಪ್ಪೆ ಬಿಡಿಸುವುದು. ರಾತ್ರಿ ಹನ್ನೆರಡರ ಹೊತ್ತಿಗೆ ಹೆಡ್‌ಫೋನ್ ವೈರು ಒಂದು ಗೇಣು ಗಿಡ್ಡವಾಗಿತ್ತು. ಸೋಲ್ಡರ್ ಒಂದು ಕಡೆಯೂ ಕೂತಿರಲಿಲ್ಲ.

ಚಿಕ್ಕಂದಿನಿಂದ ನನಗೆ ಒಂದು ಹೆಸರಿದೆ: ಇವನ ಕೈಗೆ ಏನು ಕೊಟ್ಟರೂ ಕೆಡಿಸುತ್ತಾನೆ. ಗಡಿಯಾರ ಬಿಚ್ಚಿ ಜೋಡಿಸಲಾಗದೆ ಬಿಟ್ಟವನು ನಾನೇ. ಹಾಗಾಗಿ ಆ ರಾತ್ರಿ ಬೇರೆ ಕಾರಣ ಹುಡುಕುವ ಗೋಜಿಗೇ ಹೋಗಲಿಲ್ಲ. ಕೈ ನಡುಗುತ್ತಿದೆ, ಅದಕ್ಕೇ ಹಿಡಿಯುತ್ತಿಲ್ಲ, ಅಷ್ಟೇ. ಐರನ್ ಆರಿಸಿ ಮಲಗಿದೆ.

ದೊಡ್ಡಪ್ಪನ ಮಗ ಮೋಟಾರ್ ವೈಂಡಿಂಗ್ ಕೆಲಸ ಮಾಡುತ್ತಾನೆ. ಮೂವತ್ತು ವರ್ಷದಿಂದ ಬೇರೆ ಕೆಲಸ ಮಾಡಿಲ್ಲ. ಮರುದಿನ ಬೇರೇನೋ ವಿಷಯಕ್ಕೆ ಫೋನ್ ಮಾಡಿದಾಗ ಇದನ್ನೂ ಹೇಳಿದೆ.

"ಅಣ್ಣಾ, ಹೆಡ್‌ಫೋನ್ ವೈರಿಗೆ ಸೋಲ್ಡರ್ ಹಿಡೀತಾನೇ ಇಲ್ಲ."

"ಎನಾಮಲ್ ತೆಗೆದ್ಯಾ?"

"ಯಾವ ಎನಾಮಲ್? ಒಳಗೆ ಬರೀ ತಾಮ್ರ ಇದೆ."

"ಬರೀ ತಾಮ್ರನಾ? ಯಾವ ಬಣ್ಣ?"

"ಒಂದು ಕೆಂಪು, ಒಂದು ಹಸಿರು..."

"ಹಸಿರು ತಾಮ್ರ ಎಲ್ಲಿ ನೋಡಿದ್ದೀಯೋ ನೀನು?"

ಉತ್ತರ ಇರಲಿಲ್ಲ. ಆದರೂ ಸೋಲೊಪ್ಪದೆ, ಮೂರನೆಯದು ತಾಮ್ರದ ಬಣ್ಣದ್ದೇ ಇದೆಯಲ್ಲ ಅಂದೆ. "ಅದಕ್ಕೂ ಬಳಿದಿರ್ತಾರೆ. ಬಣ್ಣ ಹಾಕಿಲ್ಲ ಅಷ್ಟೇ. ಮೀಟರ್ ಹಚ್ಚಿ ನೋಡು, ಗೊತ್ತಾಗುತ್ತೆ" ಅಂತ ಹೇಳಿ ಫೋನ್ ಇಟ್ಟ.

ಮೀಟರ್ ಹಚ್ಚಿ ನೋಡಿದೆ. ಮಲ್ಟಿಮೀಟರನ್ನು ಕಂಟಿನ್ಯುಯಿಟಿಗೆ, ಅಂದರೆ ಕರೆಂಟಿಗೆ ದಾರಿ ಇದ್ದರೆ ಪೀಪ್ ಅನ್ನುವ ಕಡೆಗೆ ಇಟ್ಟು, ಎರಡೂ ಮೊನೆಗಳನ್ನು ಆ ತಾಮ್ರದ ಬಣ್ಣದ ಜುಟ್ಟಿಗೇ ಅರ್ಧ ಇಂಚು ಅಂತರದಲ್ಲಿ ಒತ್ತಿದೆ. ಒಂದೇ ತಂತಿ, ಎರಡು ಕಡೆ. ಪೀಪ್ ಅನ್ನಲೇಬೇಕಿತ್ತು. ಮೀಟರ್ ಸುಮ್ಮನೆ ಕೂತಿತ್ತು. ಕಣ್ಣಿಗೆ ಥಳಥಳ ಹೊಳೆಯುವ ತಾಮ್ರ, ಮೀಟರಿಗೆ ಮಾತ್ರ ಅಲ್ಲಿ ಏನೂ ಇಲ್ಲ. ಆಮೇಲೆ ಬ್ಲೇಡಿನ ತುದಿಯಿಂದ ಎರಡು ಕಡೆ ಸ್ವಲ್ಪ ಸ್ವಲ್ಪ ಕೆರೆದು ಮತ್ತೆ ಒತ್ತಿದೆ. ಪೀಪ್.

ಆ ಪೀಪ್ ಕೇಳಿ ಆದ ಸಂತೋಷಕ್ಕೆ ಕಾರಣ ವೈರ್ ಮಾತ್ರ ಅಲ್ಲ. ಕೈಯದೇನೂ ತಪ್ಪಿರಲಿಲ್ಲ ಅಲ್ವಾ! ನನಗೆ ಗೊತ್ತಿರಲಿಲ್ಲ, ಅಷ್ಟೇ. ಇನ್ನೂ ಎಷ್ಟು ಕೆಲಸಗಳನ್ನು ಕೈಯ ತಪ್ಪು ಅಂತ ಬಿಟ್ಟಿದ್ದೇನೋ ಅಂತ ಒಂದು ಕ್ಷಣ ಯೋಚನೆ ಬಂತು. ಗಡಿಯಾರ ನೆನಪಾಯಿತು. ಗಡಿಯಾರದ ವಿಷಯದಲ್ಲಿ ಮಾತ್ರ ಕೈಯದೇ ತಪ್ಪು ಇರಬೇಕು.

ಈ ಎನಾಮಲ್ ಅನ್ನುವುದು ತಂತಿಯ ಮೈಗೆ ಬಳಿದ ತೆಳು ಮೆರುಗು. ಮೋಟಾರ್, ಟ್ರಾನ್ಸ್‌ಫಾರ್ಮರ್, ಸ್ಪೀಕರಿನ ಒಳಗಿನ ಸುರುಳಿ, ಎಲ್ಲದರಲ್ಲೂ ಇದೇ. ಸುರುಳಿ ಸುತ್ತಿದಾಗ ಒಂದು ಸುತ್ತು ಪಕ್ಕದ ಸುತ್ತಿಗೆ ತಾಗುತ್ತದೆ. ತಾಗಿದರೂ ಕರೆಂಟ್ ದಾಟಬಾರದು. 1831ರಲ್ಲಿ ಮೈಕೆಲ್ ಫ್ಯಾರಡೆ ಕಬ್ಬಿಣದ ಬಳೆಗೆ ತಂತಿ ಸುತ್ತಿ ತನ್ನ ಪ್ರಸಿದ್ಧ ಪ್ರಯೋಗ ಮಾಡಿದಾಗ ಇಂಥ ತಂತಿ ಇರಲಿಲ್ಲ. ಸುತ್ತಿನ ನಡುವೆ ದಾರ, ಪದರದ ನಡುವೆ ಬಟ್ಟೆ ಕೊಟ್ಟು ಸುತ್ತಿದ. ದಾರ ಸುತ್ತಿದ ತಂತಿಯಿಂದ ಇವತ್ತಿನ ಇಯರ್‌ಫೋನ್ ಮಾಡಲು ಹೊರಟರೆ ಕಿವಿಗೆ ಹಗ್ಗ ಕಟ್ಟಿಕೊಂಡ ಹಾಗೆ ಇರುತ್ತದೆ.

ಹೆಡ್‌ಫೋನ್ ಕೇಬಲ್ಲಿನಲ್ಲಿ ಸುರುಳಿ ಇಲ್ಲವಲ್ಲ, ಅಲ್ಲಿ ಯಾಕೆ ಇದು ಅನ್ನಬಹುದು. ಜಾಗಕ್ಕೆ. ಪ್ರತಿ ತಂತಿಗೂ ಬೇರೆ ಬೇರೆ ಪ್ಲಾಸ್ಟಿಕ್ ಹೊದಿಕೆ ಕೊಟ್ಟರೆ ಕೇಬಲ್ ದಪ್ಪವಾಗುತ್ತದೆ, ಬಿರುಸಾಗುತ್ತದೆ. ಎನಾಮಲ್ ಬಳಿದರೆ ಎಡ, ಬಲ, ಎರಡಕ್ಕೂ ಸೇರಿದ ವಾಪಸ್ ದಾರಿಯಾದ ಕಾಮನ್, ಮೂರನ್ನೂ ಒಂದೇ ಕೊಳವೆಯಲ್ಲಿ ತುರುಕಬಹುದು. ತಂತಿಯನ್ನು ಇಷ್ಟು ಸಣ್ಣ ಎಳೆಗಳಾಗಿ ಒಡೆಯುವುದಕ್ಕೂ ದೊಡ್ಡ ದೊಡ್ಡ ಕಾರಣ ಹೇಳುವವರಿದ್ದಾರೆ: ಹೈ ಫ್ರೀಕ್ವೆನ್ಸಿ ಕರೆಂಟ್ ತಂತಿಯ ಮೇಲ್ಮೈಯಲ್ಲೇ ಹರಿಯುತ್ತದೆ, ಅದಕ್ಕೇ ಎಳೆ ಜಾಸ್ತಿ ಇದ್ದರೆ ಸಂಗೀತ ಚೆನ್ನಾಗಿ ಕೇಳುತ್ತದೆ ಅಂತ. ಮೇಲ್ಮೈಯ ಮಾತು ನಿಜ. ಆದರೆ ಕಿವಿಗೆ ಕೇಳುವ ಅತಿ ತೀಕ್ಷ್ಣ ಸದ್ದು, ಅಂದರೆ 20 ಕಿಲೋಹರ್ಟ್ಸ್‌ನಲ್ಲೂ, ತಾಮ್ರದಲ್ಲಿ ಆ ಮೇಲ್ಪದರದ ಆಳ ಅರ್ಧ ಮಿಲಿಮೀಟರಿಗೆ ಹತ್ತಿರ. ಈ ಎಳೆಗಳೋ 0.1 ಮಿಲಿಮೀಟರ್ ಕೂಡ ಇರುವುದಿಲ್ಲ. ಆ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಬಗ್ಗಿಸಿದರೂ ಬೇಗ ತುಂಡಾಗಬಾರದು ಅಂತಲೇ ಸಣ್ಣ ಎಳೆ ಮಾಡಿರುವುದು. ಅಷ್ಟು ಮಾಡಿದರೂ ಪಿನ್ನಿನ ಕತ್ತಿನ ಹತ್ತಿರ ಒಂದೇ ಜಾಗದಲ್ಲಿ ಸಾವಿರ ಸಲ ಬಗ್ಗಿ ಬಗ್ಗಿ ತಾಮ್ರ ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ. ಒಂದೊಂದೇ ಎಳೆ ತುಂಡಾಗುತ್ತದೆ. ಕೊನೆಯ ಎಳೆ ತುಂಡಾಗುವ ತನಕ ನಮಗೆ ಗೊತ್ತೇ ಆಗುವುದಿಲ್ಲ.

ಸರಿ, ಎನಾಮಲ್ ತೆಗೆಯಬೇಕು. ಹೇಗೆ?

ಮೊದಲು ಬ್ಲೇಡ್. ಒಂದೇ ದಪ್ಪ ತಂತಿಯಾದರೆ ಬ್ಲೇಡ್ ಸಾಕು. ಇಲ್ಲಿ ಕೆರೆಯಲು ಹೋದರೆ ಎಳೆಗಳು ಒಂದೊಂದಾಗಿ ಕತ್ತರಿಸಿ ಹೋಗುತ್ತವೆ. ಏಳು ಎಳೆ ಇದ್ದಲ್ಲಿ ಮೂರು ಉಳಿದವು. ಆಮೇಲೆ ನುಣುಪಾದ ಮರಳು ಕಾಗದ ಮಡಚಿ, ನಡುವೆ ಜುಟ್ಟನ್ನಿಟ್ಟು ಮೆಲ್ಲಗೆ ಎಳೆದೆ. ಬ್ಲೇಡಿಗಿಂತ ವಾಸಿ. ಆದರೆ ಹೊರಗಿನ ಎಳೆಗಳ ಹೊರಮೈ ಮಾತ್ರ ಉಜ್ಜುತ್ತದೆ, ಒಳಗಿನವು ಹಾಗೇ ಉಳಿಯುತ್ತವೆ. ಎಳೆ ಬಿಡಿಸಿ, ತಿರುಗಿಸಿ, ಮತ್ತೆ ಉಜ್ಜಬೇಕು. ಮೂರು ಜುಟ್ಟು ಮುಗಿಸುವಷ್ಟರಲ್ಲಿ ಕತ್ತು ಹಿಡಿದುಕೊಂಡಿತ್ತು.

ಎಲ್ಲರೂ ಹೇಳುವ ಉಪಾಯ ಲೈಟರ್. ಒಂದು ಸೆಕೆಂಡ್ ಉರಿಗೆ ಹಿಡಿ, ಎನಾಮಲ್ ಸುಟ್ಟು ಹೋಗುತ್ತೆ ಅಂತ. ಸುಟ್ಟು ಹೋಗುವುದು ನಿಜ. ಅದರ ಜೊತೆಗೆ ತಾಮ್ರವೂ ಗಾಳಿಗೆ ಕಾದು ಕಪ್ಪಾಗುತ್ತದೆ, ಆ ಕಪ್ಪಿನ ಮೇಲೆ ಸೋಲ್ಡರ್ ಕೂರುವುದಿಲ್ಲ. ಮತ್ತೆ ಉಜ್ಜುವುದೇ ಗತಿ. ಎಳೆ ಬೇರೆ ಮೆತ್ತಗಾಗಿರುತ್ತದೆ, ಉಜ್ಜಿದರೆ ಮುರಿಯುತ್ತದೆ. ನಾನು ಒಂದು ಸಲ ಒಂದು ಸೆಕೆಂಡ್ ಜಾಸ್ತಿ ಹಿಡಿದಾಗ ಎಳೆಗಳ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಗುಂಡುಗಳು ಕಂಡವು. ತಾಮ್ರ ಕರಗುವುದು 1085 ಡಿಗ್ರಿಗೆ, ಲೈಟರಿನ ಉರಿಗೆ ಅದೆಲ್ಲಿ ಕರಗುತ್ತದೆ ಅಂದುಕೊಂಡಿದ್ದೆ. ಎಳೆ ಇಷ್ಟು ಸಣ್ಣದಾದರೆ ಕರಗುತ್ತದೆ. ಅದಲ್ಲದೆ ಉರಿ ತುದಿಯಲ್ಲಿ ನಿಲ್ಲುವುದಿಲ್ಲ. ನೂಲಿಗೆ ಹತ್ತುತ್ತದೆ, ಹೊರಗಿನ ರಬ್ಬರಿಗೂ ಹತ್ತುತ್ತದೆ. ಲೈಟರ್ ಉಪಾಯ ಕೆಲಸ ಮಾಡುತ್ತೆ ಅಂತ ಆಣೆ ಇಟ್ಟು ಹೇಳುವವರು ಬಹಳ ಜನ. ಇರಬಹುದು. ನನಗೆ ಮಾಡಲಿಲ್ಲ.

ಇನ್ನೊಂದು ಹಳೇ ಕಾಲದ ಉಪಾಯ ಇದೆ: ಆಸ್ಪಿರಿನ್ ಮಾತ್ರೆ. ಮಾತ್ರೆಯ ಮೇಲೆ ತಂತಿಯ ತುದಿ ಇಟ್ಟು ಬಿಸಿ ಐರನ್ನಿನಿಂದ ಒತ್ತಬೇಕು. ಮಾತ್ರೆ ಕರಗಿ, ಅದರ ಆಮ್ಲ ಎನಾಮಲ್ ತಿಂದು ಹಾಕುತ್ತದೆ. ತಲೆನೋವಿನ ಮಾತ್ರೆ ಅಂತ ಹೆಸರಿಗೆ. ಅದರ ಹೊಗೆ ಒಂದು ಸಲ ಮೂಗಿಗೆ ಹೊಡೆದರೆ ತಲೆನೋವು ಗ್ಯಾರಂಟಿ. ಕಣ್ಣಲ್ಲಿ ನೀರು ಬಂದು, ತಂತಿ ಎಲ್ಲಿದೆ ಅನ್ನುವುದೇ ಕಾಣಲಿಲ್ಲ. ತಂತಿ ಮಾತ್ರ ಚೊಕ್ಕವಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು.

ಇಷ್ಟೆಲ್ಲ ಆದ ಮೇಲೆ ಅಣ್ಣ ಮತ್ತೆ ಸಿಕ್ಕಾಗ ಕೇಳಿದೆ. ಅವನ ಕೆಲಸದ ತಂತಿಗಳನ್ನು ಕೆರೆಯಲೇಬೇಕಂತೆ. ಮೋಟಾರಿನ ತಂತಿಗೆ ಹಾಕುವ ಎನಾಮಲ್ ಬಿಸಿ ತಡೆಯಬೇಕು, ಐರನ್ನಿಗೆಲ್ಲ ಬಗ್ಗುವುದಿಲ್ಲ. "ನಿನ್ನ ಹೆಡ್‌ಫೋನಿಂದು ಅಷ್ಟು ಗಟ್ಟಿ ಇರಲ್ಲ ಕಣೋ. ಸೋಲ್ಡರಲ್ಲೇ ಬೇಯಿಸು" ಅಂದ.

ಬೇಯಿಸುವುದು. ಆ ಮಾತು ನನಗೆ ಹಿಡಿಸಿತು. ಆಮೇಲೆ ಓದಿ ತಿಳಿದುಕೊಂಡದ್ದು ಇದು: ಇಂಥ ಸಣ್ಣ ತಂತಿಗಳಿಗೆ ಸಾಮಾನ್ಯವಾಗಿ ಬಳಿಯುವುದು ಪಾಲಿಯುರೆಥೇನ್ ಎನಾಮಲ್. ಅದು 360ರಿಂದ 400 ಡಿಗ್ರಿ ಶಾಖಕ್ಕೆ ಕೆಲವೇ ಸೆಕೆಂಡಿನಲ್ಲಿ ತಾನಾಗೇ ಒಡೆದುಹೋಗುತ್ತದೆ. ತವರ ಸೀಸದ ಮಾಮೂಲಿ 63/37 ಸೋಲ್ಡರ್ ಕರಗುವುದು 183 ಡಿಗ್ರಿಗೆ. ಸೋಲ್ಡರ್ ಕರಗಿತು ಅಂದ ಮಾತ್ರಕ್ಕೆ ಎನಾಮಲ್ ಹೋಗುವಷ್ಟು ಬಿಸಿ ಇದೆ ಅಂತಲ್ಲ. ಎರಡರ ನಡುವೆ ಅಷ್ಟೊಂದು ಅಂತರ. ಮೊದಲ ರಾತ್ರಿ ನಾನು ಸೋಲ್ಡರ್ ಕರಗಿದ ತಕ್ಷಣ ಮುಟ್ಟಿಸಿ, ಹಿಡಿಯಲಿಲ್ಲ ಅಂತ ತಕ್ಷಣ ಎತ್ತುತ್ತಿದ್ದೆ.

ಈಗ ನಾನು ಮಾಡುವುದು ಹೀಗೆ. ಶಾಖ ಹೊಂದಿಸಬಹುದಾದ ಐರನ್ನನ್ನು 390ಕ್ಕೆ ಇಡುತ್ತೇನೆ. ಸೂಜಿಯಂಥ ಮೊನೆ ಬೇಡ. ಸಣ್ಣ ತಂತಿಗೆ ಸಣ್ಣ ಮೊನೆ ಅಂತ ತೋರುತ್ತದೆ, ಆದರೆ ಸೂಜಿ ಮೊನೆಯಲ್ಲಿ ಬಿಸಿ ನಿಲ್ಲುವುದಿಲ್ಲ. ಉಳಿಯ ಹಾಗೆ ಚಪ್ಪಟೆ ಇರುವ ಮೊನೆ ಬೇಕು. ಅದನ್ನು ಒರೆಸಿ, ಹೊಸ ಸೋಲ್ಡರನ್ನು ಧಾರಾಳವಾಗಿ ಕರಗಿಸಿ, ಮೊನೆಯ ಮೇಲೆ ಒಂದು ದಪ್ಪ ಹನಿ ನಿಲ್ಲಿಸುತ್ತೇನೆ. ಜುಟ್ಟಿನ ತುದಿಗೆ ಸ್ವಲ್ಪ ಫ್ಲಕ್ಸ್, ಅಂದರೆ ಸೋಲ್ಡರ್ ಚೆನ್ನಾಗಿ ಹತ್ತಲು ಹಚ್ಚುವ ರಾಳ, ಸವರಿ, ಆ ಹನಿಯೊಳಗೆ ತುದಿಯನ್ನು ಮುಳುಗಿಸುತ್ತೇನೆ.

ಮೊದಲ ಸೆಕೆಂಡ್ ಏನೂ ಆಗುವುದಿಲ್ಲ. ಹನಿ ತಂತಿಯಿಂದ ದೂರ ಸರಿದ ಹಾಗೇ ಇರುತ್ತದೆ, ತಂತಿ ಮುಳುಗಿದ ಜಾಗದಲ್ಲಿ ಹನಿಯ ಮೈ ಒಳಕ್ಕೆ ತಗ್ಗಿರುತ್ತದೆ. ಇಲ್ಲೇ ಕೈ ಎತ್ತಬೇಕು ಅನಿಸುವುದು. ಎತ್ತಬಾರದು. ಎರಡನೇ ಸೆಕೆಂಡಿನಲ್ಲಿ ಒಂದು ಸಣ್ಣ ಹೊಗೆ ಏಳುತ್ತದೆ. ಫ್ಲಕ್ಸಿನ ಬಿಳಿ ಹೊಗೆಗಿಂತ ಇದರ ವಾಸನೆ ಬೇರೆ, ಘಾಟು. ತುದಿಯ ಕೆಂಪು ಬಣ್ಣ ಮಂಕಾಗಿ, ಕಂದಾಗಿ, ಮೇಲಕ್ಕೆ ಓಡುತ್ತದೆ. ಅದರ ಹಿಂದೆಯೇ ಸೋಲ್ಡರ್ ಹತ್ತುತ್ತದೆ. ತಗ್ಗಿದ್ದ ಹನಿಯ ಅಂಚು ಒಂದು ಗಳಿಗೆಯಲ್ಲಿ ತಿರುಗಿ ತಂತಿಯ ಮೇಲಕ್ಕೆ ಏರುತ್ತದೆ, ಬತ್ತಿಗೆ ಎಣ್ಣೆ ಏರಿದ ಹಾಗೆ. ಆಗ ತಂತಿಯನ್ನು ಮೆಲ್ಲಗೆ ಹೊರಗೆ ಎಳೆಯಬೇಕು. ಬೆಳ್ಳಗೆ ಕಲಾಯಿ ಹಾಕಿದ ತುದಿ ಹೊರಬರುತ್ತದೆ. ಸುಟ್ಟ ಎನಾಮಲ್ಲಿನ ಕರಿ ಚೂರು ಹನಿಯ ಮೇಲೆ ತೇಲುತ್ತಿರುತ್ತದೆ. ಅದನ್ನು ಒರೆಸಿ ಬಿಸಾಕಿ, ಮುಂದಿನ ಜುಟ್ಟಿಗೆ ಹೊಸ ಹನಿ.

ಆ ಘಾಟು ಹೊಗೆ ಮಾತ್ರ ಕುಡಿಯುವಂಥದ್ದಲ್ಲ. ಪಾಲಿಯುರೆಥೇನ್ ಸುಟ್ಟಾಗ ಐಸೋಸಯನೇಟ್ ಅನ್ನುವ ಅನಿಲಗಳು ಬರುತ್ತವೆ, ಶ್ವಾಸಕೋಶಕ್ಕೆ ಕೆಟ್ಟವು. ಫ್ಲಕ್ಸಿನ ರಾಳದ ಹೊಗೆಯೂ ಉಬ್ಬಸ ತರಿಸುವಂಥದ್ದೇ. ಕಿಟಕಿ ತೆಗೆದು, ಮುಖದ ಪಕ್ಕದಿಂದ ಒಂದು ಸಣ್ಣ ಫ್ಯಾನ್ ಹಾಕಿಕೊಳ್ಳುತ್ತೇನೆ. ಫ್ಯಾನನ್ನು ನೇರವಾಗಿ ಕೆಲಸದ ಮೇಲೆ ತಿರುಗಿಸಿದರೆ ಐರನ್ ತಣ್ಣಗಾಗುತ್ತದೆ, ಸಣ್ಣ ಎಳೆಗಳು ಹಾರಾಡುತ್ತವೆ. ಒಮ್ಮೆ ಹಾಗೆ ಮಾಡಿ ನೋಡಿದ್ದೇನೆ.

ಬೇಯಿಸುವುದು ಕಲಿತ ಮೇಲೆ ಹೊಸ ಕಾಟ ಶುರುವಾಯಿತು. ಚೆನ್ನಾಗಿ ಬೇಯಲಿ ಅಂತ ಹತ್ತು ಹನ್ನೆರಡು ಸೆಕೆಂಡ್ ಮುಳುಗಿಸಿಟ್ಟೆ. ಹೊರಗೆ ತೆಗೆದಾಗ ತುದಿ ಮೊದಲಿಗಿಂತ ಗಿಡ್ಡವಾದ ಹಾಗೆ ಕಂಡಿತು. ಕಣ್ಣಿನ ಭ್ರಮೆ ಅಂದುಕೊಂಡು ಮತ್ತೆ ಮುಳುಗಿಸಿದೆ. ಇನ್ನೂ ಗಿಡ್ಡ. ಜುಟ್ಟಿನಲ್ಲಿ ಎಳೆಗಳೂ ಕಮ್ಮಿ ಆಗಿದ್ದವು. ಎಲ್ಲಿ ಹೋದವು? ಮುರಿದು ಬಿದ್ದ ಚೂರು ಟೇಬಲ್ ಮೇಲೆ ಎಲ್ಲೂ ಇಲ್ಲ. ಮತ್ತೆ ಅದೇ ಹಳೇ ಮಾತು ತಲೆಗೆ ಬಂತು: ಕೈ ಸರಿ ಇಲ್ಲ, ಎಲ್ಲೋ ಎಳೆದು ತುಂಡು ಮಾಡುತ್ತಿದ್ದೇನೆ.

ಎಳೆದಿರಲಿಲ್ಲ. ಕರಗಿದ ತವರ ತಾಮ್ರವನ್ನು ತಿನ್ನುತ್ತದೆ. ನೀರಿನಲ್ಲಿ ಸಕ್ಕರೆ ಕರಗಿದ ಹಾಗೆ ತಾಮ್ರ ಅದರೊಳಗೆ ಕರಗಿ ಸೇರಿಕೊಳ್ಳುತ್ತದೆ. ಬಿಸಿ ಜಾಸ್ತಿಯಾದಷ್ಟೂ ಬೇಗ. ಹಳೇ ಕಾಲದ ಬರೀ ತಾಮ್ರದ ಐರನ್ ಮೊನೆಗಳಲ್ಲಿ ಕುಳಿ ಬೀಳುತ್ತಿದ್ದದ್ದೂ ಇದಕ್ಕೇ. ಈಗಿನ ಮೊನೆಗಳಿಗೆ ಮೇಲೆ ಕಬ್ಬಿಣದ ಲೇಪ ಇರುತ್ತದೆ. ದಪ್ಪ ತಂತಿಯಾದರೆ ಹೋದ ತಾಮ್ರ ಲೆಕ್ಕಕ್ಕೇ ಬರುವುದಿಲ್ಲ. 0.05 ಮಿಲಿಮೀಟರ್ ಎಳೆಗೆ ಅದೇ ಪ್ರಾಣ. ಸೀಸ ಇಲ್ಲದ ಸೋಲ್ಡರ್ ಬಳಸಿದರೆ ಇನ್ನೂ ಬೇಗ, ಯಾಕೆಂದರೆ ಅದು ಹೆಚ್ಚುಕಮ್ಮಿ ಪೂರ್ತಿ ತವರ, ಕರಗಲು 217 ಡಿಗ್ರಿ ಬೇರೆ ಬೇಕು.

ಅಂದರೆ ಕಮ್ಮಿ ಹೊತ್ತು ಇಟ್ಟರೆ ಎನಾಮಲ್ ಹೋಗುವುದಿಲ್ಲ, ಜಾಸ್ತಿ ಹೊತ್ತು ಇಟ್ಟರೆ ತಂತಿಯೇ ಹೋಗುತ್ತದೆ. ನನ್ನ ಲೆಕ್ಕದಲ್ಲಿ ಎರಡರಿಂದ ನಾಲ್ಕು ಸೆಕೆಂಡ್. ಆದರೆ ಸೆಕೆಂಡ್ ಎಣಿಸಿ ಮಾಡಿದಾಗಲೆಲ್ಲ ಕೆಟ್ಟಿದೆ. ಹನಿಯ ಅಂಚು ತಿರುಗುವುದನ್ನು ನೋಡುತ್ತಾ ಕೂತರೆ ಕೆಡುವುದಿಲ್ಲ.

ನೂಲಿನ ವಿಷಯ ಹೇಳಬೇಕು, ಯಾಕೆಂದರೆ ಅರ್ಧ ಕೆಲಸ ಕೆಡಿಸುವುದು ಅದೇ. ಎಳೆಗಳ ನಡುವೆ ಸೇರಿಕೊಂಡಿರುವ ಆ ಬಿಳಿ ಅಥವಾ ಹಳದಿ ನೂಲು ಕೇಬಲ್ಲನ್ನು ಜಗ್ಗಿದಾಗ ಭಾರ ಹೊರಲು. ಅಗ್ಗದ ಕೇಬಲ್ಲಾದರೆ ನೈಲಾನ್. ಬಿಸಿ ತಾಗಿದರೆ ಕರಗಿ, ತಂತಿಗೆ ಮೆತ್ತಿಕೊಂಡು, ಸೋಲ್ಡರ್ ಹೋಗದ ಹಾಗೆ ಅಡ್ಡ ಕೂರುತ್ತದೆ. ಒಳ್ಳೆಯ ಕೇಬಲ್ಲುಗಳಲ್ಲಿ ಅರಾಮಿಡ್ ಇರುತ್ತದೆ, ಕೆವ್ಲಾರ್ ಅಂತ ನಾವು ಕೇಳಿರುವ ಜಾತಿಯದು. 1965ರಲ್ಲಿ ಡ್ಯೂಪಾಂಟ್ ಕಂಪನಿಯ ಸ್ಟೆಫನಿ ಕ್ವೋಲೆಕ್ ಕಂಡುಹಿಡಿದದ್ದು, ಗುಂಡು ತಡೆಯುವ ಜಾಕೆಟ್ಟಿಗೆ ಹಾಕುವಂಥದ್ದು. ಅದು ಕರಗುವುದೇ ಇಲ್ಲ. ಐರನ್ ಇಟ್ಟರೆ ಸ್ವಲ್ಪ ಕಂದಾಗಿ ಹಾಗೇ ನಿಂತಿರುತ್ತದೆ. ಮಾಮೂಲಿ ಕತ್ತರಿಗೂ ಸುಲಭಕ್ಕೆ ಬಗ್ಗುವುದಿಲ್ಲ, ಬಾಯೊಳಗೆ ಮಡಚಿಕೊಂಡು ಜಾರುತ್ತದೆ. ಹೊಸ ಬ್ಲೇಡ್ ಬೇಕು. ಯಾವ ನೂಲಾದರೂ ಸೋಲ್ಡರಿಗೆ ಮೊದಲು ಚಿಮುಟದಿಂದ ಎಳೆಗಳನ್ನು ಬಿಡಿಸಿ ನೂಲನ್ನು ಬೇರೆ ಮಾಡುವುದೇ ಸರಿ. ಬೇರೆ ಮಾಡಿದ್ದನ್ನು ಬುಡಕ್ಕೆ ಕತ್ತರಿಸಿ ಎಸೆಯುವುದಕ್ಕಿಂತ ಸ್ವಲ್ಪ ಉಳಿಸಿಕೊಂಡು, ಆಮೇಲೆ ಪಿನ್ನಿನ ಒಳಗಿನ ಕೊಕ್ಕೆಗೆ ಗಂಟು ಹಾಕಿದರೆ ಜಗ್ಗಿದಾಗ ಬೆಸುಗೆಗೆ ಭಾರ ಬೀಳುವುದಿಲ್ಲ.

ಪಿನ್ ಜೋಡಿಸುವುದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಟೆಲಿಫೋನ್ ಎಕ್ಸ್‌ಚೇಂಜ್ ಕಾಲದ 6.35 ಮಿಲಿಮೀಟರ್ ಪ್ಲಗ್ಗೇ ಕುಗ್ಗಿ 3.5 ಆಗಿದೆ. ತುದಿ ಎಡಗಿವಿಗೆ, ನಡುವಿನ ಉಂಗುರ ಬಲಗಿವಿಗೆ, ಬುಡ ಕಾಮನ್. ಬೆಸುಗೆಯ ಬಿಸಿಗೆ ಒಳಗಿನ ಪ್ಲಾಸ್ಟಿಕ್ ಕರಗಿ ತುದಿ ಓರೆಯಾಗುವುದುಂಟು, ಅದಕ್ಕೆ ಪಿನ್ನನ್ನು ಯಾವುದಾದರೂ ಹಾಳಾದ ರೇಡಿಯೋದ ಸಾಕೆಟ್ಟಿಗೆ ಚುಚ್ಚಿಟ್ಟು ಬೆಸುಗೆ ಹಾಕುತ್ತೇನೆ. ಮತ್ತೆ, ಪಿನ್ನಿನ ಹೊರಗವಚ ಮತ್ತು ಬಿಸಿಗೆ ಕುಗ್ಗುವ ಕೊಳವೆ, ಅಂದರೆ ಹೀಟ್ ಶ್ರಿಂಕ್ ಸ್ಲೀವನ್ನು ಬೆಸುಗೆಗೆ ಮೊದಲೇ ವೈರಿಗೆ ಪೋಣಿಸಿಕೊಳ್ಳಬೇಕು. ಇದು ಗೊತ್ತಿಲ್ಲದವರಿಲ್ಲ. ಮರೆಯದವರೂ ಇಲ್ಲ. ಮೂರೂ ಬೆಸುಗೆ ಮುತ್ತಿನ ಹಾಗೆ ಕೂತ ಮೇಲೆ ಟೇಬಲ್ ಮೇಲೆ ಒಂಟಿಯಾಗಿ ಬಿದ್ದಿರುವ ಆ ಕವಚವನ್ನು ನೋಡುವ ಸಂಕಟ ನನಗೆ ಕನಿಷ್ಠ ನಾಲ್ಕು ಸಲ ಆಗಿದೆ.

ಬೆಸುಗೆ ಸರಿಯಾಗಿ ಕೂರದಿದ್ದರೆ ಕಿವಿಗೆ ಏನು ಕೇಳುತ್ತದೆ ಅನ್ನುವುದು ನನಗೆ ಇದರಲ್ಲೆಲ್ಲ ತುಂಬಾ ಇಷ್ಟವಾದ ಭಾಗ. ಎರಡನೇ ರಿಪೇರಿಯಲ್ಲಿ ಎರಡೂ ಕಿವಿಯಲ್ಲಿ ಸದ್ದು ಬಂತು. ಗೆದ್ದೆ ಅಂದುಕೊಂಡೆ. ಡೋಲು, ಪಿಟೀಲು, ಹಿನ್ನೆಲೆಯ ಕೋರಸ್ ಎಲ್ಲಾ ಕೇಳುತ್ತಿವೆ. ಹಾಡುವವರು ಮಾತ್ರ ಇಲ್ಲ. ಪಲ್ಲವಿ ಶುರುವಾಗಬೇಕಾದ ಜಾಗದಲ್ಲಿ ದೊಡ್ಡ ಬಾವಿಯ ತಳದಿಂದ ಬಂದ ಹಾಗೆ ಒಂದು ಮಸುಕು ಪ್ರತಿಧ್ವನಿ, ಅಷ್ಟೇ. ಬೇರೆ ಹಾಡು ಹಾಕಿದೆ. ಅದರಲ್ಲೂ ಗಾಯಕ ಮಾಯ. ಫೋನೇ ಕೆಟ್ಟಿತೇನೋ ಅಂತ ಹೆದರಿದೆ.

ಕೆಟ್ಟದ್ದು ಕಾಮನ್. ತಾಮ್ರದ ಬಣ್ಣದ ಆ ಮೂರನೇ ಜುಟ್ಟು, ಎನಾಮಲ್ ಇದ್ದೂ ಇಲ್ಲದ ಹಾಗೆ ಕಾಣುವ ಅದೇ ಮೋಸಗಾರ, ಒಳಗೊಳಗೇ ಬಿಟ್ಟುಕೊಂಡಿತ್ತು. ಕಾಮನ್ ಇಲ್ಲದಿದ್ದರೆ ಕರೆಂಟಿಗೆ ವಾಪಸ್ ಹೋಗುವ ದಾರಿ ಇಲ್ಲ. ಆಗ ಎಡಗಿವಿಯಿಂದ ಬಲಗಿವಿಗೆ, ಬಲದಿಂದ ಎಡಕ್ಕೆ, ಎರಡೂ ಸರಣಿಯಲ್ಲಿ ಸೇರಿಕೊಂಡು ಹರಿಯುತ್ತದೆ. ಎಡ ಬಲ ಎರಡರ ವ್ಯತ್ಯಾಸ ಮಾತ್ರ ಕೇಳುತ್ತದೆ. ರೆಕಾರ್ಡಿಂಗ್ ಮಾಡುವಾಗ ಗಾಯಕರ ದನಿಯನ್ನು ಸಾಮಾನ್ಯವಾಗಿ ನಟ್ಟನಡುವೆ ಇಡುತ್ತಾರೆ, ಅಂದರೆ ಎಡಕ್ಕೂ ಬಲಕ್ಕೂ ಸರಿಸಮ. ಸರಿಸಮದ ವ್ಯತ್ಯಾಸ ಸೊನ್ನೆ. ದನಿಗೆ ಹಚ್ಚಿದ ಪ್ರತಿಧ್ವನಿ ಎರಡು ಕಡೆ ಸ್ವಲ್ಪ ಬೇರೆ ಬೇರೆ ಇರುವುದರಿಂದ ಅದಷ್ಟು ಉಳಿದುಕೊಳ್ಳುತ್ತದೆ. ಇದು ಅರ್ಥವಾದ ಮೇಲೆ ನಾನು ತಕ್ಷಣ ಬೆಸುಗೆ ಸರಿ ಮಾಡಲಿಲ್ಲ. ಒಂದು ಗಂಟೆ ಕೂತು ನನಗಿಷ್ಟವಾದ ಹಾಡುಗಳನ್ನೆಲ್ಲ ಗಾಯಕರಿಲ್ಲದೆ ಕೇಳಿದೆ. ಇಷ್ಟು ವರ್ಷ ಕಿವಿಗೆ ಬೀಳದ ಒಂದು ಕೊಳಲು, ಹಿಂದೆ ಯಾರೋ ತಟ್ಟುತ್ತಿದ್ದ ಚಿಟಿಕೆ, ಎಲ್ಲ ಸಿಕ್ಕವು.

ಕಾಮನ್ ಪೂರ್ತಿ ಬಿಟ್ಟಿರಬೇಕು ಅಂತಿಲ್ಲ. ಏಳು ಎಳೆಯಲ್ಲಿ ಒಂದೋ ಎರಡೋ ಮಾತ್ರ ಹಿಡಿದಿದ್ದರೂ ಗಾಯಕ ಒಂದೆರಡು ಹೆಜ್ಜೆ ಹಿಂದೆ ಸರಿದ ಹಾಗೆ ಕೇಳುತ್ತದೆ. 0.08 ಮಿಲಿಮೀಟರಿನ ಒಂದೇ ಎಳೆಗೆ ಮೀಟರ್ ಉದ್ದಕ್ಕೆ ಸುಮಾರು ಮೂರೂವರೆ ಓಮ್ ರೆಸಿಸ್ಟೆನ್ಸ್. 16 ಓಮ್‌ನ ಇಯರ್‌ಫೋನಿಗೆ ಅದು ಸಣ್ಣದಲ್ಲ. ಮೈಕ್ ಇರುವ ನಾಲ್ಕು ಪಟ್ಟಿಯ ಪಿನ್ನಿನಲ್ಲಿ ಇನ್ನೊಂದು ತಮಾಷೆ ಇದೆ. ಅದರಲ್ಲಿ ಸಿಟಿಐಎ, ಒಎಂಟಿಪಿ ಅಂತ ಎರಡು ಪದ್ಧತಿ, ಮೈಕ್ ಮತ್ತು ಕಾಮನ್ ಅದಲುಬದಲು. ತಪ್ಪಾಗಿ ಜೋಡಿಸಿದರೆ ಇದೇ ರೀತಿ ಗಾಯಕ ಮಾಯವಾಗುತ್ತಾನೆ. ಆಗ ವೈರಿನ ಮೇಲಿನ ಕರೆ ಸ್ವೀಕರಿಸುವ ಗುಂಡಿಯನ್ನು ಒತ್ತಿ ಹಿಡಿದರೆ ವಾಪಸ್ ಬರುತ್ತಾನೆ, ಯಾಕೆಂದರೆ ಆ ಗುಂಡಿ ಮೈಕನ್ನೂ ಕಾಮನ್ನನ್ನೂ ಸೇರಿಸುತ್ತದೆ. ಗುಂಡಿ ಬಿಟ್ಟರೆ ಮತ್ತೆ ಮಾಯ.

ಹೀಗಾಗಿ ಈಗ ಪಿನ್ ಮುಚ್ಚುವ ಮೊದಲು ಮೀಟರ್ ಹಿಡಿಯದೆ ಇರುವುದಿಲ್ಲ. ಓಮ್‌ಗೆ ಇಟ್ಟು ತುದಿಗೂ ಬುಡಕ್ಕೂ ಮುಟ್ಟಿಸಿದರೆ ಎಡಗಿವಿಯೊಳಗೆ ಟಿಕ್ ಅನ್ನಬೇಕು. ಮೀಟರಿನ ಆ ಚಿಟಿಕೆ ಕರೆಂಟಿಗೇ ಒಳಗಿನ ಪೊರೆ ಅಲುಗಾಡುತ್ತದೆ. 32 ಓಮ್‌ನ ಹೆಡ್‌ಫೋನ್ ಆದರೆ ಮೂವತ್ತರ ಆಸುಪಾಸು ತೋರಿಸಬೇಕು. ವೈರನ್ನು ಅಲ್ಲಾಡಿಸಿದರೂ ಅಂಕಿ ಕುಣಿಯಬಾರದು. ಎರಡೂ ಕಿವಿಯದು ಹತ್ತಿರ ಹತ್ತಿರ ಒಂದೇ ಇರಬೇಕು.

ಒಂದೊಂದು ಸಲ ಬೆಸುಗೆ ಬಿಟ್ಟಿರುವುದು ಪಿನ್ನಿನಲ್ಲಿ ಇರುವುದಿಲ್ಲ, ಕಿವಿಯ ಕಡೆ ಇರುತ್ತದೆ. ಅಲ್ಲಿಗೆ ನಾನು ಒಂದೇ ಸಲ ಹೋದದ್ದು. ಸ್ಪೀಕರಿನ ಸುರುಳಿಯಿಂದ ಹೊರಬರುವ ತಂತಿ ಕೇಬಲ್ಲಿನ ಎಳೆಗಿಂತಲೂ ಸಣ್ಣದು. ಉಸಿರು ಬಿಟ್ಟರೆ ಅಲುಗುತ್ತದೆ. ಅದನ್ನು ಮುಟ್ಟದೆ ಪಕ್ಕದ ಬಿಲ್ಲೆಯ ಮೇಲಷ್ಟೇ ಬೆಸುಗೆ ಹಾಕಬೇಕು, ಅದೂ ಒಂದೇ ಸೆಕೆಂಡಿನಲ್ಲಿ. ಅಲ್ಲಿ ಅಯಸ್ಕಾಂತ ಬೇರೆ ಇದೆ, ಕಬ್ಬಿಣದ ಲೇಪದ ಐರನ್ ಮೊನೆಯನ್ನು ಹತ್ತಿರ ಒಯ್ದರೆ ತಾನೇ ಸೆಳೆದುಕೊಳ್ಳುತ್ತದೆ. ಸೆಳೆದುಕೊಂಡಿತು. ಪೊರೆಯಲ್ಲಿ ಒಂದು ತೂತು ಬಿತ್ತು. ಅದಕ್ಕೆ ಕೈಯನ್ನೂ ಬೈಯಲಿಲ್ಲ, ತಲೆಯನ್ನೂ ಬೈಯಲಿಲ್ಲ. ಡಬ್ಬಿಗೆ ಹಾಕಿದೆ, ಕೇಬಲ್ ಮಾತ್ರ ಕತ್ತರಿಸಿಟ್ಟುಕೊಂಡೆ.

ಮೊದಲ ರಾತ್ರಿಯ ಆ ಹೆಡ್‌ಫೋನ್ ಏನಾಯಿತು ಅಂತ ಹೇಳಲೇ ಇಲ್ಲ. ಒಂದು ಗೇಣು ಗಿಡ್ಡವಾದ ವೈರಿಗೆ ಕೊನೆಗೂ ಪಿನ್ ಕೂತಿತು. ಮೂರೂ ಬೆಸುಗೆ ಬೆಳ್ಳಗೆ, ಗುಂಡಗೆ. ಮೀಟರ್ ಎರಡೂ ಕಡೆ ಒಂದೇ ಅಂಕಿ ತೋರಿಸಿತು. ನೂಲಿಗೆ ಗಂಟು ಹಾಕಿ, ಸ್ಲೀವ್ ಬಿಸಿ ಮಾಡಿ ಕುಗ್ಗಿಸಿ, ಕವಚ ತಿರುಗಿಸಿ, ಬಿಚ್ಚದ ಹಾಗೆ ಒಂದು ಹನಿ ಅಂಟು ಬೇರೆ ಬಿಟ್ಟೆ. ಒಂದು ರೈಲು ಎಡದಿಂದ ಬಲಕ್ಕೆ ಓಡುವ ಸದ್ದು ಫೋನಿನಲ್ಲಿತ್ತು, ಅದನ್ನು ಹಾಕಿದೆ. ರೈಲು ಬಲಗಿವಿಯಿಂದ ಬಂದು ಎಡಗಿವಿಗೆ ಹೋಯಿತು.

ಕೆಂಪು ಅಂದರೆ ಬಲ ಅಂತ ಎಲ್ಲರೂ ಹೇಳುತ್ತಾರೆ, ಸಾಮಾನ್ಯವಾಗಿ ಹಾಗೇ ಇರುತ್ತದೆ ಕೂಡ. ಈ ಕೇಬಲ್ ಮಾಡಿದವರಿಗೆ ಯಾರೂ ಹೇಳಿರಲಿಲ್ಲ. ಟಿಕ್ ಬಂತಾ ಅಂತ ಕೇಳಿದೆನೇ ಹೊರತು ಯಾವ ಕಿವಿಯಲ್ಲಿ ಬಂತು ಅಂತ ನೋಡಿರಲಿಲ್ಲ.

ಅಂಟು ಒಣಗಿತ್ತು. ಮತ್ತೆ ಕತ್ತರಿಸಿದರೆ ವೈರ್ ಇನ್ನೊಂದು ಇಂಚು ಗಿಡ್ಡ. ಹಾಗೇ ಬಿಟ್ಟೆ. ತಿರುಗಿಸಿ ಹಾಕಿಕೊಂಡರೆ ಆಯಿತು, ಯಾರು ನೋಡುತ್ತಾರೆ? ಮಗಳು ನೋಡಿದಳು. "ಅಪ್ಪಾ, ಹೆಡ್‌ಫೋನ್ ಉಲ್ಟಾ ಹಾಕ್ಕೊಂಡಿದ್ದೀರ" ಅಂತ ಎರಡು ಸಲ ಬಂದು ಸರಿ ಮಾಡಿ ಹೋದಳು. ಮೂರನೇ ಸಲ ಬಂದಾಗ ಪೂರ್ತಿ ಕಥೆ ಹೇಳಿದೆ. ಕೇಳಿಸಿಕೊಂಡು ಒಳಗೆ ಹೋಗಿ ಬಿಳಿ ಟೇಪ್ ತಂದಳು. ಎಲ್ ಅಂತ ಇದ್ದ ಕಡೆ ಒಂದು ಚೂರು ಅಂಟಿಸಿ, ಅದರ ಮೇಲೆ ಪೆನ್ನಿನಲ್ಲಿ ದೊಡ್ಡದಾಗಿ "ಬಲ" ಅಂತ ಬರೆದಳು.